ಕೋಳಿಗೆ ಇಸ್ತ್ರಿ

— ಕೊತ್ತಂಬರಿ ಕೀಳಲ್ಲ ಅಂದ್ರೆ ಕೀಳಲ್ಲ.

— ನೀನು ಕೀಳೋದು ಬೇಡ. ನಾನೇ ಕೀಳ್ತೀನಿ. ನೀನು ಒಂದೈದು ನಿಮಿಷ ಆ ಕಡೆ ತಿರುಗಿ ನಿಂತ್ಕೊಂಡ್ರೆ ಸಾಕು.

— ಕೈ ಹಾಕಿ ನೋಡೋಣ. ಇನ್ನು ನಾಲ್ಕು ದಿನ ಬಿಟ್ರೆ ಗೇಣುದ್ದ ಬರತ್ತೆ.

— ನಾಲ್ಕು ದಿನ ಎಲ್ಲಿದೆ ಇವಳೇ? ಇನ್ನೆರಡು ಗಂಟೆಗೆ ಬೀಗರು ಬಂದು ನಿಲ್ತಾರೆ.

— ಬರ್ಲಿ. ನನ್ನ ಕೊತ್ತಂಬರಿ ನೋಡ್ಕೊಂಡು ಹೋಗ್ಲಿ.

— ಅವರು ನೋಡೋಕೆ ಬರ್ತಿರೋದು ಕೊತ್ತಂಬರೀನಲ್ಲ. ಕೊತ್ತಂಬರಿ ಯಾವುದರಲ್ಲಿ ಬೆಳೆದಿದೆಯೋ ಅದನ್ನ.

ಇಬ್ಬರೂ ಅದನ್ನು ನೋಡಿದರು. ಹಿತ್ತಲಿನ ನಲ್ಲಿಯ ಪಕ್ಕದಲ್ಲಿ ಮೂರು ಕಾಲಿನ ಮೇಲೆ ನಿಂತಿದ್ದ, ಕಪ್ಪು ಬಣ್ಣದ ದುಂಡನೆಯ ಕಬ್ಬಿಣದ ಬೋಗುಣಿ ಅದು. ಇದ್ದಿಲು ತುಂಬಿ, ಮೇಲೆ ಕಂಬಿಯ ಜಾಲರಿ ಇಟ್ಟು, ಕೋಳಿಯನ್ನೋ ಮೀನನ್ನೋ ಸುಡುವುದಕ್ಕೆಂದು ಮಾಡಿದ ಗ್ರಿಲ್ಲು. ಈ ಮನೆಗೆ ಬಂದು ವರ್ಷವಾಗಿತ್ತು. ಒಂದು ವರ್ಷದಲ್ಲಿ ಮೂರು ಬೆಳೆ ಕೊತ್ತಂಬರಿಯನ್ನೂ ಒಂದು ಬೆಳೆ ಮೆಂತ್ಯವನ್ನೂ ಕೊಟ್ಟಿತ್ತು. ಬೆಂಕಿಯನ್ನು ಮಾತ್ರ ಕಂಡಿರಲಿಲ್ಲ. ಅದರ ಮುಚ್ಚಳ ಬಚ್ಚಲಿಗೆ ಸೇರಿ, ಸೋಪಿನ ಪುಡಿ ಕಲಸುವ ಪಾತ್ರೆಯಾಗಿತ್ತು.

ಈ ಹಿತ್ತಲಿನ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ಗೆರೆ ಮೇಸ್ತ್ರಿ. ಮನೆಯ ಮುಂದಿನ ಕೋಣೆಯಲ್ಲೇ ಅವರ ಇಸ್ತ್ರಿ ಅಂಗಡಿ. ಮೂವತ್ತನಾಲ್ಕು ವರ್ಷದಿಂದ ನಿಂತೇ ಕೆಲಸ. ಅವರು ಪ್ಯಾಂಟಿಗೆ ಹಾಕಿದ ಗೆರೆ, ಹಾಕಿಕೊಂಡವನು ಬಸ್ಸಿನಲ್ಲಿ ಜೋತಾಡಿಕೊಂಡು ಹೋದರೂ ಮುರಿಯುತ್ತಿರಲಿಲ್ಲ. ಇಂಥ ಮೇಸ್ತ್ರಿಗೆ ಬೀಗರ ಮುಂದೆ ಕೂತರೆ ಮಾತ್ರ ನಾಲಿಗೆ ಒಣಗುತ್ತಿತ್ತು. ಬೀಗರು, ಅಂದರೆ ಮಗಳ ಮಾವ, ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಅವರು ಮಾತಾಡಿದರೆ ಮೇಸ್ತ್ರಿ ಹೂಂ ಅನ್ನಬೇಕು, ಮೇಸ್ತ್ರಿ ಮಾತಾಡುವುದಕ್ಕೆ ಅಲ್ಲಿ ವಿಷಯವೇ ಇರುತ್ತಿರಲಿಲ್ಲ.

ಹೋದ ವರ್ಷ ಬೀಗರು ಒಂದೇ ಅಂಗಡಿಯಲ್ಲಿ ಎರಡು ಗ್ರಿಲ್ಲು ಕೊಂಡು, ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ಇಲ್ಲಿಗೆ ಕಳಿಸಿದರು. ಮುಂದಿನ ಭಾನುವಾರ ಫೋನು ಬಂತು. ‘ಬೀಗರೇ, ನಮ್ಮದು ಹತ್ತುತ್ತಲೇ ಇಲ್ಲ. ನಿಮ್ಮದು?’ ‘ನಮ್ಮದು ಹತ್ತದೆ ಏನು’ ಅಂದುಬಿಟ್ಟರು ಮೇಸ್ತ್ರಿ. ಕರೆಂಟಿನ ಇಸ್ತ್ರಿ ಬರುವ ಮೊದಲು ಇಪ್ಪತ್ತು ವರ್ಷ ಇದ್ದಿಲಿನ ಪೆಟ್ಟಿಗೆಯಲ್ಲೇ ಇಸ್ತ್ರಿ ಮಾಡಿದವರು, ಇದ್ದಿಲು ಹೊತ್ತಿಸುವುದು ಹೇಗೆಂದು ನಾಲ್ಕು ಮಾತು ಹೇಳಿದರು. ಆ ಕಡೆಯಿಂದ ಬೀಗರು, ‘ಸ್ವಲ್ಪ ನಿಧಾನವಾಗಿ ಹೇಳಿ, ಬರೆದುಕೊಳ್ತಾ ಇದ್ದೀನಿ’ ಅಂದರು.

ಪ್ರಿನ್ಸಿಪಾಲರೊಬ್ಬರು ತನ್ನ ಮಾತನ್ನು ಬರೆದುಕೊಳ್ಳುತ್ತಿದ್ದಾರೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಮೇಸ್ತ್ರಿಗೆ ಅವತ್ತು ಊಟ ಸೇರಲಿಲ್ಲ, ಅಷ್ಟು ಸಂತೋಷ. ಅಲ್ಲಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನು, ಪ್ರತಿ ಭಾನುವಾರ ಒಂದು ಪಾಠ. ಈಗ ಬೀಗರಿಗೆ ಆಸೆ ಹುಟ್ಟಿತ್ತು: ಕೇಳಿದ್ದು ಸಾಕು, ಗುರುಗಳ ಕೈಚಳಕವನ್ನು ಕಣ್ಣಾರೆ ನೋಡಬೇಕು.

— ಮಾಡ್ಕೊಂಡವರು ಅನುಭವಿಸಿ, ಎಂದಳು ಹೆಂಡತಿ. ವಾರ ವಾರ ಆ ಪಾಟಿ ರೈಲು ಬಿಡಬೇಕಾದ್ರೆ ನನ್ನನ್ನೇನಾದ್ರೂ ಕೇಳಿದ್ರಾ?

— ನಾನೆಲ್ಲಿ ರೈಲು ಬಿಟ್ಟೆ?

— ಹೋದ ಭಾನುವಾರ ಏನು ಸುಟ್ರಿ, ಹೇಳಿ.

— ...ಮೀನು.

— ಯಾವ ಮೀನು?

— ದೊಡ್ಡದು.

— ಅವತ್ತು ನಾನು ನಿಮ್ಮ ತಟ್ಟೆಗೆ ಹಾಕಿದ್ದು ಬ್ರೆಡ್ಡು. ಅದನ್ನ ತಿನ್ನುತ್ತಾ ತಿನ್ನುತ್ತಾ ಫೋನಲ್ಲಿ, ‘ಆಹಾ, ಚರ್ಮ ನೋಡಿ ಬೀಗರೇ, ಕಾಗದದ ಹಾಗೆ ಗರಿಗರಿ’ ಅಂದ್ರಲ್ಲ. ಬ್ರೆಡ್ಡಿಗೆ ಯಾವ ಚರ್ಮ?

— ನೋಡು, ಆದದ್ದಾಯ್ತು. ಈಗ ಮಾನ ಉಳಿಸು.

— ನಿಮ್ಮದಾ, ನನ್ನ ಕೊತ್ತಂಬರೀದಾ?

ಕೊನೆಗೆ ಆ ಮನೆ ಸೇರಿದ ಮಗಳ ಮುಖ ನೆನೆದು ಹೆಂಡತಿಯೇ ಕೊತ್ತಂಬರಿಯನ್ನು ಬೇರುಸಹಿತ ಎತ್ತಿ ಹಳೆಯ ಬಕೆಟ್ಟಿಗೆ ವರ್ಗ ಮಾಡಿದಳು. ಮೇಸ್ತ್ರಿ ಗ್ರಿಲ್ಲಿನ ಮಣ್ಣನ್ನು ಗೋರಿ, ಮೇಲಿಂದ ಮೇಲೆ ಒರೆಸಿ, ಇದ್ದಿಲು ಸುರಿದು ಕಡ್ಡಿ ಗೀರಿದರು. ಕೈಗೆ ಹಳೆಯ ಅಭ್ಯಾಸ. ಚೂರು ಕಾಗದ, ಚೂರು ತೆಂಗಿನ ಸಿಪ್ಪೆ, ಮೇಲೆ ಸಣ್ಣ ಇದ್ದಿಲು, ಅದರ ಮೇಲೆ ದಪ್ಪದ್ದು. ಸುಂದರವಾಗಿ ಹತ್ತಿಕೊಂಡಿತು. ಹೆಂಡತಿಗೂ ಒಂದು ಗಳಿಗೆ ಗೌರವ ಬಂತು. ಆಮೇಲೆ ಹೊಗೆ ಬಂತು. ಆಮೇಲೆ ಏನೂ ಬರಲಿಲ್ಲ.

— ಆರಿಹೋಯ್ತು.

— ಆರಿಲ್ಲ. ಒಳಗೊಳಗೇ ಇದೆ.

— ಒಳಗೊಳಗೇ ಇದ್ರೆ ಕೋಳಿಗೆ ಹೇಗೆ ಗೊತ್ತಾಗತ್ತೆ?

— ನೀನು ಪಕ್ಕದಲ್ಲಿ ನಿಂತು ಗೊಣಗ್ತಾ ಇದ್ರೆ ಯಾವ ಬೆಂಕಿ ತಾನೇ ಉರಿಯತ್ತೆ? ಬೀಸಣಿಗೆ ಕೊಡು.

ಬೀಸಿದರು. ಬೀಸುವಷ್ಟು ಹೊತ್ತು ಕೆಂಪಗಿತ್ತು, ಕೈ ನಿಲ್ಲಿಸಿದ ಕೂಡಲೇ ಕಪ್ಪಗಾಯಿತು. ಎರಡನೇ ಸಲ ಹೊತ್ತಿಸಿದರು, ಅದೇ ಕಥೆ. ಮೂರನೇ ಸಲ ಹೆಂಡತಿ ಬೀಸಿದಳು, ಮೇಸ್ತ್ರಿ ಊದಿದರು. ಮೇಸ್ತ್ರಿಯ ಹುಬ್ಬು ಬೂದಿ ಹತ್ತಿ ಬೆಳ್ಳಗಾಯಿತು. ಹೊತ್ತು ಹನ್ನೊಂದೂವರೆ ದಾಟಿತ್ತು. ಬೆನ್ನು ಸೀಳಿ ಅಗಲ ಮಾಡಿ, ಉಪ್ಪು ನಿಂಬೆಹುಳಿ ಸವರಿಟ್ಟ ಕೋಳಿ ತಟ್ಟೆಯಲ್ಲಿ ಕೈಕಾಲು ಚಾಚಿ ಕಾಯುತ್ತಿತ್ತು.

— ಇಡಿ ಅದನ್ನ ಜಾಲರಿ ಮೇಲೆ, ಎಂದಳು ಹೆಂಡತಿ. ಬಂದವರು ಬರೀ ಜಾಲರಿ ನೋಡೋದಕ್ಕಿಂತ ವಾಸಿ.

ಇಟ್ಟರು. ಚುಂಯ್ ಅನ್ನಬೇಕಾದ ಕೋಳಿ ತುಟಿ ಪಿಟಕ್ಕೆನ್ನಲಿಲ್ಲ. ಮೇಸ್ತ್ರಿ ಪಕ್ಕದ ಬಟ್ಟಲಿನಿಂದ ನೀರು ತೆಗೆದು, ಬೆರಳು ಕೊಡವಿ ಅದರ ಮೇಲೆ ಚಿಮುಕಿಸಿದರು.

— ಅದ್ಯಾಕೆ ನೀರು?

— ಅಭ್ಯಾಸ.

ಆಮೇಲೆ ಕೋಳಿಯ ರೆಕ್ಕೆಯನ್ನು ಎಳೆದು ನೇರ ಮಾಡಿ, ಅಂಗೈಯಿಂದ ಸವರಿ, ಅಂಚು ಹಿಡಿದು ಮಡಿಸುವುದಕ್ಕೆ ಹೋದರು.

— ರೀ. ಅದು ಕೋಳಿ. ಅಂಗಿ ತೋಳಲ್ಲ.

— ಗೊತ್ತು ಕಣೇ. ಸುಕ್ಕು ಕಾಣಿಸ್ತು ಅಂತ.

— ದೇವರು ಅದಕ್ಕೆ ಕೊಟ್ಟಿರೋದೇ ಸುಕ್ಕು.

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ನಲ್ಲಿಯ ಕಟ್ಟೆಯ ಮೇಲೆ ಕೂತರು. ಇನ್ನರ್ಧ ಗಂಟೆ. ಬೀಗರು ಬರುತ್ತಾರೆ, ತಣ್ಣಗಿನ ಇದ್ದಿಲು ನೋಡುತ್ತಾರೆ, ಬೆಳ್ಳಗಿನ ಕೋಳಿ ನೋಡುತ್ತಾರೆ, ಸಭ್ಯರಾದ್ದರಿಂದ ಏನೂ ಅನ್ನುವುದಿಲ್ಲ. ಮುಂದಿನ ಭಾನುವಾರ ಹತ್ತು ಗಂಟೆಗೆ ಫೋನು ಬರುವುದಿಲ್ಲ, ಅಷ್ಟೆ. ಇಡೀ ವಾರ ಮೇಸ್ತ್ರಿಯ ಮಾತು ಕೇಳುವವರು ಅಂತ ಇದ್ದದ್ದು ಅದೊಂದು ಅರ್ಧ ಗಂಟೆ.

ತಟ್ಟನೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಅಟ್ಟದ ಮೇಲಿದ್ದ ಹಳೆಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ.

— ಇದು ಯಾಕೆ?

— ಇದರಲ್ಲಿ ಕೆಂಡ ಆರಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ದಿನ ಆರಿಲ್ಲ.

— ಆರದಿದ್ರೆ?

— ಕೆಳಗಿನ ಬೆಂಕಿ ಬರಲ್ಲ ಅಂದ್ರೆ ಮೇಲಿನಿಂದ ಕೊಡ್ತೀನಿ.

ಸಾಯುತ್ತಿದ್ದ ಕೆಂಡಗಳನ್ನು ಇಕ್ಕಳದಲ್ಲಿ ಹೆಕ್ಕಿ ಪೆಟ್ಟಿಗೆಗೆ ತುಂಬಿ, ಹಿಂಬದಿಯ ಸಣ್ಣ ಬಾಗಿಲು ತೆರೆದು ಗಾಳಿಗೆ ನಾಲ್ಕು ಸಲ ತೂಗಿದರು. ಕೆಂಡ ಕೆಂಪಗೆ ನಕ್ಕಿತು. ಅಡಿಯನ್ನು ಉಜ್ಜಿ ತೊಳೆದು, ಎಣ್ಣೆ ಸವರಿ, ಪೆಟ್ಟಿಗೆಯನ್ನು ಕೋಳಿಯ ಎದೆಯ ಮೇಲೆ ಇಟ್ಟರು. ಈ ಸಲ ಚುಂಯ್ ಅಂದಿತು. ಮೇಸ್ತ್ರಿ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಎಡದಿಂದ ಬಲಕ್ಕೆ ಹದವಾಗಿ ಎಳೆದರು. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದಳು.

— ನಗಬೇಡ.

— ನಗ್ತಾ ಇಲ್ಲ. ಕತ್ತಿನ ಪಟ್ಟಿ ಒಂಚೂರು ಬಿಟ್ಟುಹೋಯ್ತು, ನೋಡಿ.

— ಬಾಗಿಲು ಬಡೀತಿದಾರೆ, ಹೋಗು.

— ಅಯ್ಯೋ, ಬೀಗರು. ಹತ್ತು ನಿಮಿಷ ಮುಂಚೆ.

— ಪ್ರಿನ್ಸಿಪಾಲರು ಅಲ್ವಾ. ಹೋಗು, ಮಾತಾಡಿಸ್ತಾ ಇರು.

ಆದರೆ ಬೀಗರು ಮಾತಿಗೆ ನಿಲ್ಲುವ ಜಾತಿಯಲ್ಲ. ಗುರುಗಳು ಎಲ್ಲಿ, ಹಿತ್ತಲಲ್ಲಾ, ಎಂದುಕೊಂಡು ನೇರ ನಡೆದೇಬಿಟ್ಟರು. ಬೀಗಿತ್ತಿ ತಂಗಿಯ ಮನೆಗೆ ಹೋಗಿ ವಾರವಾಗಿದ್ದರಿಂದ ಒಬ್ಬರೇ ಬಂದಿದ್ದರು. ಕಂಕುಳಲ್ಲಿ ದಪ್ಪ ನೋಟ್‌ಬುಕ್ಕು. ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಮೈಮೇಲೆ ಕೋಟು, ಗುಂಡಿಯೆಲ್ಲ ಹಾಕಿತ್ತು.

ಅವರು ಬಂದು ನಿಂತಾಗ ಇಸ್ತ್ರಿ ಪೆಟ್ಟಿಗೆ ಕೋಳಿಯ ಎಡತೊಡೆಯ ಮೇಲಿತ್ತು. ತೆಗೆಯುವುದಕ್ಕೆ ಮೇಸ್ತ್ರಿಗೆ ಪುರಸೊತ್ತು ಸಿಗಲಿಲ್ಲ. ಬೀಗರು ಪೆಟ್ಟಿಗೆ ನೋಡಿದರು, ಕೋಳಿ ನೋಡಿದರು, ಬೂದಿ ಬಡಿದ ಮೇಸ್ತ್ರಿಯ ಹುಬ್ಬು ನೋಡಿದರು.

— ಬೀಗರೇ, ಇದನ್ನ ನೀವು ಫೋನಲ್ಲಿ ಹೇಳೇ ಇಲ್ಲ.

— ಅದು... ಇದು ಹಾಗಲ್ಲ...

— ಭಾರ. ಮೇಲಿನಿಂದ ಭಾರ, ಜತೆಗೆ ಶಾಖ. ಚರ್ಮ ಜಾಲರಿಗೆ ಒತ್ತಿ ಕೂರತ್ತೆ, ಎರಡು ಕಡೆಯೂ ಒಟ್ಟಿಗೇ ಬೇಯತ್ತೆ. ಒಳ್ಳೇದನ್ನೆಲ್ಲ ನಿಮಗೇ ಅಂತ ಇಟ್ಕೊಂಡಿದ್ರಿ.

ಹೇಳುತ್ತಲೇ ನೋಟ್‌ಬುಕ್ಕು ಬಿಚ್ಚಿ, ನಿಂತಲ್ಲೇ ಬರೆದುಕೊಂಡರು. ಮೇಸ್ತ್ರಿ ಹೆಂಡತಿಯ ಕಡೆ ನೋಡಿದರು. ಹೆಂಡತಿ ಆಕಾಶದ ಕಡೆ ನೋಡಿದಳು.

— ಕೋಟು ತೆಗೀರಿ ಬೀಗರೇ, ಬೆಂಕಿ ಹತ್ರ ಸೆಕೆ, ಎಂದಳು.

— ಇರಲಿ ಅಮ್ಮಾ. ಚಳಿ.

— ಚಳಿಯಾ?

— ಒಂಥರಾ ಚಳಿ.

ಹಣೆಯಿಂದ ಬೆವರು ಇಳಿಯುತ್ತಿತ್ತು. ಬೀಗರು ಅದನ್ನು ಒರೆಸಿಕೊಂಡು ಜಾಲರಿಯ ಕೆಳಗೆ ಇಣುಕಿದರು.

— ಕೆಂಡ ಯಾಕೋ ಮಂಕಾಗಿದೆಯಲ್ಲ. ಮೂರನೇ ಪಾಠ ಇರಬೇಕು ಇದು. ಹಾಂ, ಕೇಳಿ. ‘ಕೆಂಡಕ್ಕೂ ಉಸಿರು ಬೇಕು. ಹಿಂದಿನ ಬಾಗಿಲು ಮುಚ್ಚಿದ್ರೆ ಎಂಥ ಇದ್ದಿಲಾದ್ರೂ ಕೈಕೊಡತ್ತೆ.’ ನಮ್ಮದು ಮೊದಲ ಸಲ ಹತ್ತಿದ್ದೇ ಈ ಮಾತಿನಿಂದ. ನೀವು ಅಡಿಯ ತೂತು ತೆಗೆದಿದ್ದೀರಿ ತಾನೇ?

— ಅಡಿಯಲ್ಲಿ ತೂತಿದೆಯಾ? ಎಂದರು ಮೇಸ್ತ್ರಿ. ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಬೀಗರು ಆಗಲೇ ಮಂಡಿಯೂರಿ ಕೆಳಗಿನಿಂದ ಕೈ ಹಾಕಿದ್ದರು. ಎಳೆದರು. ಮಣ್ಣು ಮೆತ್ತಿದ ಒಂದು ಚಿಂದಿ ಬಟ್ಟೆ ಬಂತು, ಅದರ ಹಿಂದೆಯೇ ಇನ್ನೊಂದು. ಎರಡನೆಯದಕ್ಕೆ ಒಂದು ಕೊತ್ತಂಬರಿ ಬೇರು ಅಂಟಿಕೊಂಡಿತ್ತು. ಕೆಳಗಿನಿಂದ ಗಾಳಿ ನುಗ್ಗಿದ್ದೇ ತಡ, ಬೂದಿಯಡಿ ಉಳಿದಿದ್ದ ಕೆಂಡಗಳೆಲ್ಲ ಒಟ್ಟಿಗೆ ಕಣ್ಣು ಬಿಟ್ಟವು.

— ಬಟ್ಟೆ ತುರುಕಿದ್ಯಾ? ಎಂದರು ಮೇಸ್ತ್ರಿ ಮೆಲ್ಲಗೆ.

— ಮಣ್ಣು ಸೋರ್ತಿತ್ತು, ತುರುಕಿದೆ. ನಾನೇನು ಕನಸು ಕಂಡಿದ್ನಾ ನೀವು ಇದರಲ್ಲಿ ಬೆಂಕಿ ಹಾಕ್ತೀರಿ ಅಂತ? ಎಂದಳು ಹೆಂಡತಿ ಇನ್ನೂ ಮೆಲ್ಲಗೆ.

ಬೀಗರು ಬೇರನ್ನು ಮೂಗಿನ ಹತ್ತಿರ ಹಿಡಿದರು.

— ಕೊತ್ತಂಬರಿ. ತಳದಲ್ಲಿ ಕೊತ್ತಂಬರಿ ಬೇರು ಇಟ್ಟು ಹೊಗೆಗೆ ಪರಿಮಳ ಕೊಡ್ತೀರಿ. ನೋಡಿ, ಇದನ್ನೂ ಹೇಳಿರಲಿಲ್ಲ. ನಮ್ಮ ಬೀದಿಯಲ್ಲಿ ನಿಮ್ಮ ಹೆಸರು ಎಷ್ಟು ಓಡ್ತಿದೆ ಅಂತ ನಿಮಗೆ ಗೊತ್ತಿಲ್ಲ ಬೀಗರೇ. ಮೊನ್ನೆ ಯಾರೋ, ‘ನಿಮ್ಮ ಬೀಗರು ಇಸ್ತ್ರಿ ಅಂಗಡಿಯವರಲ್ವಾ’ ಅಂದ್ರು. ಛೆ, ಅದೆಲ್ಲ ಸುಮ್ನೆ, ಅವರು ದೊಡ್ಡ ಅಡುಗೆ ಪಂಡಿತರು ಅಂತ ನಾನೇ ತಿದ್ದಿದೆ.

ತಪ್ಪಿಸಿಕೊಳ್ಳುವುದಕ್ಕೆ ಬಾಗಿಲು ಅಷ್ಟಗಲ ತೆರೆದಿತ್ತು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ‘ಛೆ’ ಮೇಸ್ತ್ರಿಯ ಎದೆಗೆ ಹೋಗಿ ಚುಚ್ಚಿತು. ಮೂವತ್ತನಾಲ್ಕು ವರ್ಷ ನಿಂತು ನಿಂತು ಕಾಲಿನ ನರ ಉಬ್ಬಿದ್ದು ಸುಮ್ಮನೆಯಾ? ಪೆಟ್ಟಿಗೆಯನ್ನು ಕೋಳಿಯ ಮೇಲಿಂದ ಎತ್ತಿ ಕಟ್ಟೆಯ ಮೇಲಿಟ್ಟರು.

— ತಿದ್ದಬೇಡಿ ಬೀಗರೇ. ಆ ಮನುಷ್ಯ ಸರಿಯಾಗೇ ಹೇಳಿದ. ನಾನು ಇಸ್ತ್ರಿಯವನು.

— ಅದು ನಿಮ್ಮ ವಿನಯ.

— ವಿನಯಾನೂ ಇಲ್ಲ, ಏನೂ ಇಲ್ಲ. ಈ ಗ್ರಿಲ್ಲಿಗೆ ಇವತ್ತೇ ಮೊದಲ ಬೆಂಕಿ. ಇಷ್ಟು ದಿನ ಇದರಲ್ಲಿ ಇವಳು ಕೊತ್ತಂಬರಿ ಬೆಳೀತಿದ್ಲು. ನಾನು ಒಂದು ಮೀನನ್ನೂ ಸುಟ್ಟಿಲ್ಲ, ಒಂದು ಕೋಳೀನೂ ಸುಟ್ಟಿಲ್ಲ. ನೀವು ಕೇಳಿದ್ರಿ, ನನಗೆ ಗೊತ್ತಿರೋ ಕೆಂಡ ಇಸ್ತ್ರಿ ಪೆಟ್ಟಿಗೇದು, ಅದನ್ನೇ ಹೇಳ್ತಾ ಹೋದೆ. ನೀವು ಬರ್ಕೊಳ್ತಿದ್ರಿ, ನನಗೆ ನಿಲ್ಲಿಸೋಕೆ ಮನಸ್ಸು ಬರಲಿಲ್ಲ. ತಪ್ಪಾಯ್ತು.

ಬೀಗರು ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ತಿರುವಿದರು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಕೇಳುವಂತೆ ಒಂದೊಂದೇ ಕೇಳಿದರು.

— ‘ಬೂದಿ ಬೆಳ್ಳಗೆ ಕೂರೋವರೆಗೂ ಮುಟ್ಟಬೇಡಿ.’ ಇದು?

— ಪೆಟ್ಟಿಗೇದೇ. ಕೆಂಪು ಉರಿಯಲ್ಲಿ ಇಟ್ರೆ ಬಟ್ಟೆ ಸುಡತ್ತೆ.

— ‘ಕೆಂಡವನ್ನ ಒಂದೇ ಕಡೆ ರಾಶಿ ಹಾಕಿ. ಒಂದು ಕಡೆ ಜೋರು, ಇನ್ನೊಂದು ಕಡೆ ಮೆತ್ತಗೆ.’ ಇದು?

— ಅಂಗಡಿಯಲ್ಲಿ ಎರಡು ಪೆಟ್ಟಿಗೆ ಇಟ್ಟಿದ್ದೆ. ಒಂದು ದಪ್ಪ ಹತ್ತಿಗೆ, ಒಂದು ತೆಳುವಿಗೆ.

— ‘ಪದೇ ಪದೇ ತಿರುವಬೇಡಿ. ಒಂದು ಮಗ್ಗುಲು ಮುಗಿದ ಮೇಲೆ ಇನ್ನೊಂದು.’

— ಅಂಗಿ.

— ಮೀನು? ‘ಬಿಸಿ ಇದೆಯೋ ಇಲ್ಲವೋ ಅನ್ನೋ ಹಾಗೆ, ಸೋಕಿ ಬಿಡಬೇಕು.’

— ರೇಷ್ಮೆ ಸೀರೆ.

— ಆಲೂಗಡ್ಡೆ?

— ಪೊಲೀಸರ ಯೂನಿಫಾರಮ್ಮು.

ಬೀಗರು ನೋಟ್‌ಬುಕ್ಕು ಮುಚ್ಚಿದರು. ಮೇಸ್ತ್ರಿ ನೆಲ ನೋಡುತ್ತಾ ನಿಂತರು.

— ಹೋದ ವಾರ ನಾನು ಮೀನು ಮಾಡಿದೆ, ಎಂದರು ಬೀಗರು. ನಿಮ್ಮ ಮಗಳು ಎರಡು ಸಲ ಹಾಕಿಸ್ಕೊಂಡ್ಲು. ಹೀಗೆ ಯಾವ ಹೋಟೆಲಲ್ಲೂ ತಿಂದಿಲ್ಲ ಅಂದ್ಲು. ಒಂದು ವರ್ಷದಲ್ಲಿ ನಿಮ್ಮ ಒಂದು ಪಾಠವೂ ನನಗೆ ಕೈಕೊಟ್ಟಿಲ್ಲ. ಅಂದ್ರೆ ನಾನು ವಾರ ವಾರ ಮಾಡ್ತಿದ್ದದ್ದು ಇಸ್ತ್ರಿ.

— ಹೌದು ಬೀಗರೇ.

— ಅಷ್ಟೂ ಇಸ್ತ್ರಿ.

— ಹೌದು.

ಬೀಗರು ಕೋಟಿನ ಗುಂಡಿ ಬಿಚ್ಚತೊಡಗಿದರು. ಒಂದು, ಎರಡು, ಮೂರು. ಕೋಟು ಕಳಚಿ ಬಟ್ಟೆ ಒಣಗಿಸುವ ತಂತಿಯ ಮೇಲೆ ಹಾಕಿ, ಮೇಸ್ತ್ರಿಗೆ ಬೆನ್ನು ತೋರಿಸಿ ನಿಂತರು. ಬಿಳೀ ಅಂಗಿಯ ನಟ್ಟನಡುವೆ, ಮೂತಿ ಮೇಲಾಗಿ, ಇಸ್ತ್ರಿ ಪೆಟ್ಟಿಗೆಯ ಕಂದು ಗುರುತು ಅಚ್ಚೊತ್ತಿತ್ತು.

— ಇವತ್ತು ಬೆಳಿಗ್ಗೆ, ಎಂದರು ಗೋಡೆಯ ಕಡೆ ಮುಖ ಮಾಡಿಕೊಂಡೇ. ನಮ್ಮವಳು ಮನೆಯಲ್ಲಿಲ್ಲ. ಇಸ್ತ್ರಿ ಮಾಡೋರ ಮನೆಗೆ ಹೋಗ್ತಿದ್ದೀನಿ, ಅಂಗಿ ಸುಕ್ಕಾಗಿದ್ರೆ ಏನಂದ್ಕೊಳ್ತಾರೋ ಅಂತ ನಾನೇ ಪೆಟ್ಟಿಗೆ ಹಿಡಿದೆ. ಮೂರು ಅಂಗಿ ಹೋಯ್ತು. ಇದ್ದಿದ್ದರಲ್ಲಿ ಇದೇ ಕಡಿಮೆ ಸುಟ್ಟಿದ್ದು. ಮದುವೆ ದಿನದಿಂದಾನೂ ನಿಮ್ಮ ಎದುರು ಕೂತ್ಕೊಂಡ್ರೆ ನನಗೆ ಕಾಲರ್ ಸರಿ ಇದೆಯಾ ಅಂತಾನೇ ಯೋಚನೆ. ನೀವು ಮಾತಾಡಲ್ಲ, ಬರೀ ನೋಡ್ತೀರಿ.

ಮೇಸ್ತ್ರಿ ಆ ಗುರುತನ್ನೇ ನೋಡಿದರು. ಇಷ್ಟು ವರ್ಷ ತಾನು ಇವರಿಗೆ ಹೆದರಿ ಸುಮ್ಮನೆ ಕೂತಿದ್ದರೆ, ಇವರು ತನ್ನ ಮೌನಕ್ಕೆ ಹೆದರಿ ಮಾತಾಡುತ್ತಾ ಕೂತಿದ್ದರು. ಕಣ್ಣು ತುಂಬಿ ಬಂತು. ಹೊಗೆ ಎಂದುಕೊಂಡು ಒರೆಸಿಕೊಂಡರು.

— ನೋಟ್‌ಬುಕ್ಕು ಇತ್ತಲ್ಲ ಬೀಗರೇ, ಎಂದರು ಕಡೆಗೆ. ಅದರಲ್ಲಿ ಎಲ್ಲಾ ಇತ್ತು.

— ಅಡುಗೆ ಪುಸ್ತಕ ನೋಡಿ ಅಂಗಿಗೆ ಇಸ್ತ್ರಿ ಮಾಡೋಕೆ ಯಾರಿಗೆ ಹೊಳೆಯತ್ತೆ? ಮುಂದಿನ ಭಾನುವಾರ ಹತ್ತು ಗಂಟೆಗೆ ಫೋನ್ ಮಾಡ್ತೀನಿ. ಮೊದಲಿಂದ ಶುರು ಮಾಡೋಣ. ಈ ಸಲ ಅಂಗಿ.

ಇಬ್ಬರೂ ಸೇರಿ ಕೆಂಡವನ್ನು ಒಂದು ಪಕ್ಕಕ್ಕೆ ಸರಿಸಿದರು. ಹೊಸ ಇದ್ದಿಲು ಸೇರಿಸಿ ಬೂದಿ ಕೂರುವವರೆಗೆ ಕಾದು, ಕೋಳಿಯನ್ನು ಮೆತ್ತಗಿನ ಕಡೆಗೆ ಇಟ್ಟು, ಬಚ್ಚಲಿನಿಂದ ಮುಚ್ಚಳ ತಂದು ನಾಲ್ಕು ಸಲ ತೊಳೆದು ಮುಚ್ಚಿದರು. ಬೀಗರು ಪಾಠ ಓದಿದರು, ಮೇಸ್ತ್ರಿ ಕೈಯಾಡಿಸಿದರು. ಮುಕ್ಕಾಲು ಗಂಟೆಗೆ ಹೆಂಡತಿ ತೊಡೆಗೆ ಚಾಕು ಚುಚ್ಚಿ ನೋಡಿ, ಬೆಂದಿದೆ ಎಂದು ತೀರ್ಪು ಕೊಟ್ಟಳು.

ತಟ್ಟೆಗೆ ಇಳಿಸಿದಾಗ ಹೊಂಬಣ್ಣದ ಕೋಳಿಯ ಎದೆಯ ಮೇಲೆ, ಮೂತಿ ಮೇಲಾಗಿ, ಇಸ್ತ್ರಿ ಪೆಟ್ಟಿಗೆಯ ಗುರುತು ಚೆನ್ನಾಗಿ ಎದ್ದು ಕಾಣುತ್ತಿತ್ತು. ಹೆಂಡತಿ ಒಂದು ಸಲ ಕೋಳಿಯನ್ನು ನೋಡಿದಳು, ಒಂದು ಸಲ ಬೀಗರ ಬೆನ್ನನ್ನು ನೋಡಿದಳು. ಬಕೆಟ್ಟಿನಿಂದ ಒಂದು ಹಿಡಿ ಕೊತ್ತಂಬರಿ ಕಿತ್ತು, ತೊಳೆದು, ಸಣ್ಣಗೆ ಹೆಚ್ಚಿ ಕೋಳಿಯ ಮೇಲೆ ಉದುರಿಸಿದಳು. ಗುರುತು ಮುಚ್ಚಿಹೋಯಿತು.

— ಕೋಳಿದೇನೋ ಕೊತ್ತಂಬರಿಯಲ್ಲಿ ಮುಗೀತು, ಎಂದಳು. ನೀವು ಮಾತ್ರ ಹೋಗುವಾಗ ಕೋಟು ಹಾಕ್ಕೊಳ್ಳಿ ಬೀಗರೇ.